ಕಸ್ತೂರಿಯನ್ನು ಕೆಳಗಿಳಿಸಿದ ಭಾನುವಾರ

ನಾನು ನಮ್ಮೂರ ಹೈಸ್ಕೂಲಿನಲ್ಲಿ ಹೊಲಿಗೆ ಟೀಚರ್. ಪ್ರತಿ ಸೋಮವಾರ ಪ್ರಾರ್ಥನೆ ಮುಗಿದ ಮೇಲೆ ಮಕ್ಕಳ ಪಾದದಡಿಗೆ ಪೋಸ್ಟ್‌ಕಾರ್ಡು ತೂರಿಸಿ ನೋಡುವ ಕೆಲಸವೂ ನನ್ನದೇ. ಕಾರ್ಡು ತೂರದಿದ್ದರೆ ಮಗು ಕ್ಷೇಮ. ತೂರಿದರೆ ರಿಜಿಸ್ಟರಿನಲ್ಲಿ ‘ಕಾರ್ಡು’ ಎಂದು ಬರೆಯಬೇಕು. ನೋಟ್‌ಬುಕ್ ತೂರಿದರೆ ‘ನೋಟ್‌ಬುಕ್’. ಕಂಪಾಸ್ ಡಬ್ಬಿಯೇ ಸಲೀಸಾಗಿ ಈ ಕಡೆಯಿಂದ ಆ ಕಡೆಗೆ ಹೋಯಿತೆಂದರೆ ಹೆಡ್‌ಮಾಸ್ಟರಿಗೆ ತಿಳಿಸಬೇಕು, ಅವರು ಮೇಲಿನ ಕಚೇರಿಗೆ ಬರೆಯಬೇಕು, ಅವರು ಇನ್ನೂ ಮೇಲಿನವರಿಗೆ ಬರೆಯಬೇಕು. ಅಷ್ಟರಲ್ಲಿ ಮಗು ಎಷ್ಟು ಮೇಲಿರುತ್ತದೋ ದೇವರೇ ಬಲ್ಲ.

ನಮ್ಮೂರಲ್ಲಿ ಯಾರಿಗಾದರೂ ತಾನು ಹೇಳಿದ್ದೇ ಸರಿ, ಮಿಕ್ಕವರೆಲ್ಲ ಹಾಳಾಗಿಹೋಗಲಿ ಎನ್ನಿಸಿತೆಂದರೆ ಕಾಲು ನೆಲ ಬಿಡುತ್ತದೆ. ಸಣ್ಣಪುಟ್ಟದ್ದಕ್ಕೆ ನಾವು ತಲೆ ಕೆಡಿಸಿಕೊಳ್ಳುವುದಿಲ್ಲ. ಸಾರಿಗೆ ಬೆಲ್ಲ ಹಾಕಬೇಕೋ ಬೇಡವೋ ಎಂದು ಅತ್ತೆ ಸೊಸೆಯರು ಒಲೆಯ ಆಚೀಚೆ ಎರಡು ಬೆರಳೆತ್ತರದಲ್ಲಿ ನಿಂತಿರುವುದು ಯಾವ ಮನೆಯಲ್ಲಿಲ್ಲ? ಫ್ಯಾನುಗಳಿಗೆ ಪಂಜರ ಹಾಕಿಸುತ್ತೇವೆ. ಚುನಾವಣೆ ಬಂತೆಂದರೆ ಬಾಗಿಲ ಚೌಕಟ್ಟಿನ ಮೇಲ್ಭಾಗಕ್ಕೆ ಹಳೇ ದಿಂಬು ಕಟ್ಟುತ್ತೇವೆ. ಮದುವೆಗೆ ಬಂದ ಬೀಗರ ತೊಡೆಯ ಮೇಲೆ, ಭಾರಕ್ಕಿರಲಿ ಎಂದು, ದುಂಡಗಿರುವ ಯಾವುದಾದರೂ ಮಗುವನ್ನು ಕೂರಿಸುತ್ತೇವೆ. ದೊಡ್ಡವರು ಹೇಗೂ ಹಸಿವಾದರೆ ಇಳಿದುಬಿಡುತ್ತಾರೆ. ಹೆದರಿಕೆಯೆಲ್ಲ ಮಕ್ಕಳದ್ದು. ಅವುಗಳ ಮೈ ಹಗುರ, ಸಿಟ್ಟು ಹೊಸದು. ನಮ್ಮಮ್ಮನ ಕಾಲದಲ್ಲಿ ಹತ್ತನೇ ಕ್ಲಾಸಿನವನೊಬ್ಬ ತೆಂಗಿನ ಮರ ದಾಟಿ ಹೋದನಂತೆ. ಅವನ ಒಂದು ಚಪ್ಪಲಿ ಮಾತ್ರ ಪಕ್ಕದೂರಿನ ಹಂಚಿನ ಮೇಲೆ ಸಿಕ್ಕಿತಂತೆ.

ಕಸ್ತೂರಿ ನಮ್ಮಲ್ಲಿ ಒಂಬತ್ತನೇ ಕ್ಲಾಸು. ಬಸ್ ಸ್ಟ್ಯಾಂಡಿನ ಹತ್ತಿರ ಮೆಸ್ಸು ನಡೆಸುವ ಪುಟ್ಟಲಿಂಗಮ್ಮನ ಒಬ್ಬಳೇ ಮಗಳು. ಖೋಖೋ ಆಡಲು ನಿಂತರೆ ಅವಳನ್ನು ಹಿಡಿಯುವುದು ಗಾಳಿಯನ್ನು ಚೀಲಕ್ಕೆ ತುಂಬಿದ ಹಾಗೆ. ಆ ವರ್ಷದ ಫೈನಲ್ಲಿನಲ್ಲಿ ಇನ್ನೇನು ಅರ್ಧ ನಿಮಿಷ ಉಳಿದಿದೆ, ಕಸ್ತೂರಿ ಓಡುತ್ತಲೇ ಇದ್ದಾಳೆ, ಆಗ ಅಂಪೈರ್ ಆಗಿದ್ದ ನಮ್ಮದೇ ಪಿ.ಟಿ. ಮೇಷ್ಟ್ರು ಗುರುಬಸಪ್ಪನವರು ಪೀಪ್ ಎಂದು ವಿಷಲ್ ಊದಿದರು. ಔಟ್! ನಮ್ಮ ಶಾಲೆ ಸೋತಿತು. ಮಾರನೇ ವಾರ ತಂಡದ ಪಟ್ಟಿಯಿಂದ ಅವಳ ಹೆಸರೂ ಹೋಯಿತು.

ಅಸಲು ಸಂಗತಿ ಏನೆಂದರೆ ಅವಳನ್ನು ಯಾರೂ ಮುಟ್ಟಿರಲಿಲ್ಲ. ಗುರುಬಸಪ್ಪನವರಿಗೆ ವಿಷಲ್ ಬಾಯಲ್ಲಿದ್ದಾಗ ಸೀನು ಬಂದಿತ್ತು. ಸೀನಿದ್ದಕ್ಕೆ ಅದು ತಾನಾಗಿ ಊದಿಹೋಯಿತು, ಸಾವಿರ ಜನರೆದುರಿಗೆ ಸೀನಿದೆ ಎಂದು ಹೇಳಲು ನಾಚಿಕೆಯಾಗಿ ಔಟ್ ಎಂದುಬಿಟ್ಟರು. ಇದನ್ನು ಅವರೇ ಸ್ಟಾಫ್ ರೂಮಿನಲ್ಲಿ ಟೀ ಕುಡಿಯುತ್ತ ಹೇಳಿದರು. ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಾನೂ ನಕ್ಕೆ.

ಅದಾಗಿ ಎರಡೇ ದಿನಕ್ಕೆ ಕಸ್ತೂರಿ ಹೊಲಿಗೆ ಕ್ಲಾಸಿನಲ್ಲಿ ನನ್ನ ಹತ್ತಿರ ಬಂದು ನಿಂತಳು. “ಮಿಸ್, ನಾನು ಔಟ್ ಆಗಿರ್ಲಿಲ್ಲ.”

“ಆಟ ಅಂದ್ಮೇಲೆ ಸೋಲು ಗೆಲುವು ಇದ್ದದ್ದೇ ಕಣಮ್ಮ. ಹೋಗು, ಕಾಜಾ ಹೊಲಿ” ಎಂದೆ. ಜೊತೆಯಲ್ಲಿ ಕೆಲಸ ಮಾಡುವವರ ಮರ್ಯಾದೆ ಕಳೆಯುವುದು ಹೇಗೆ ಎಂಬ ಸಂಕೋಚ. ಅವಳು ಹೋಗಿ ಹೊಲಿದಳು. ಗುಂಡಿ ತೂರಲಾರದಷ್ಟು ಬಿಗಿಯಾಗಿ ಹೊಲಿದಿದ್ದಳು.

ಅವಳ ಮಾತನ್ನು ಯಾರಾದರೂ ಒಬ್ಬರು ಕೂತು ಕೇಳಬೇಕಿತ್ತು. ಕೇಳಿದವನು ಚೆಲುವರಾಜ.

ಚೆಲುವರಾಜನದು ಶಾಲೆಯ ಗೇಟಿನೆದುರಿಗೆ ಜೆರಾಕ್ಸ್ ಅಂಗಡಿ. ಅವಳಿಗೆ ಸ್ಟೂಲು ಹಾಕಿ, ಕಡಲೆಮಿಠಾಯಿ ಕೊಟ್ಟು, ಒಂದು ಗಂಟೆ ಕಾಲ ಹ್ಞೂಂಗುಟ್ಟಿದನಂತೆ. ಕೊನೆಗೆ ಕೇಳಿದನಂತೆ: “ನಿನ್ನನ್ನ ಔಟ್ ಮಾಡಿದ್ದು ಯಾರು ಮಗಳೇ?”

“ಪಿ.ಟಿ. ಮೇಷ್ಟ್ರು.”

“ಅಲ್ಲ. ಸರಿಯಾಗಿ ಯೋಚನೆ ಮಾಡು. ಮೇಷ್ಟ್ರು ಬಾಯಲ್ಲಿ ಏನಿತ್ತು?”

“ವಿಷಲ್ಲು.”

“ಅದೇ! ನಿನ್ನನ್ನ ಔಟ್ ಮಾಡಿದ್ದು ಸಿಳ್ಳೆ.”

ಇದನ್ನು ಈಗ ಹೇಳಿದರೆ ನಿಮಗೆ ನಗು ಬರುತ್ತದೆ. ಆದರೆ ಹದಿನಾಲ್ಕು ವರ್ಷದ ಮಗುವಿಗೆ, ಊರೆಲ್ಲ ಕೇಳದ ಮಾತನ್ನು ಒಬ್ಬ ಕೇಳಿದ್ದಾನೆ, ಅವನು ಏನು ಹೇಳಿದರೂ ಅದರಲ್ಲಿ ಏನೋ ಇದೆ ಎನ್ನಿಸುತ್ತದೆ. ಹದಿನೈದು ದಿನದಲ್ಲಿ ಚೆಲುವರಾಜನ ಅಂಗಡಿಯಲ್ಲಿ ಆರು ಮಕ್ಕಳು ಸೇರುತ್ತಿದ್ದವು. ಒಬ್ಬನಿಗೆ ಮನೆಯಲ್ಲಿ ಅಣ್ಣನದೇ ದರ್ಬಾರು, ಒಬ್ಬಳಿಗೆ ಕ್ಲಾಸಿನಲ್ಲಿ ಗೆಳತಿಯರಿಲ್ಲ, ಹೀಗೆ. ಬಳಗಕ್ಕೆ ‘ನಿಶ್ಶಬ್ದ ಸೇನೆ’ ಎಂದು ಹೆಸರು. ಎದುರಾದಾಗ ತುಟಿಯ ಮೇಲೆ ಬೆರಳಿಟ್ಟುಕೊಳ್ಳುವುದು ಅವರ ನಮಸ್ಕಾರ. ಹಾಲು ಒಡೆಯುವುದು ಸಿಳ್ಳೆಯಿಂದ, ಕರೆಂಟು ಹೋಗುವುದು ಸಿಳ್ಳೆಯಿಂದ, ಹೋದ ವರ್ಷ ಗಣಿತದಲ್ಲಿ ಅಷ್ಟು ಜನ ಫೇಲಾದದ್ದೂ ಸಿಳ್ಳೆಯಿಂದ. ಸರಿ, ಊರಿನಲ್ಲಿ ಎಲ್ಲರಿಗಿಂತ ಹೆಚ್ಚು ಸಿಳ್ಳೆ ಹಾಕುವವರು ಯಾರು? ಬಾತುಕೋಳಿ ಮರಿಯಪ್ಪ. ಕೆರೆ ಏರಿಯ ಪಕ್ಕದ ಗೂಡಿನಿಂದ ದಿನಾ ಬೆಳಗ್ಗೆ ಇನ್ನೂರು ಬಾತುಕೋಳಿಗಳನ್ನು ಸಿಳ್ಳೆಯಲ್ಲೇ ಕರೆದು ನೀರಿಗೆ ಬಿಡುವವನು.

“ಅವನ ತಾತ ಎಲ್ಲಿಂದ ಬಂದೋನು ಗೊತ್ತಾ?” ಎಂದನಂತೆ ಚೆಲುವರಾಜ.

“ಎಲ್ಲಿಂದಣ್ಣ?”

“ನೋಡಿದ್ರಾ? ಯಾರಿಗೂ ಗೊತ್ತಿಲ್ಲ!”

ಮರಿಯಪ್ಪನ ತಾತ ಹುಟ್ಟಿದ್ದು ಅದೇ ಏರಿಯ ಹಿಂದಿನ ಮನೆಯಲ್ಲಿ. ಊರಿನ ಮುದುಕಿಯರಿಗೆಲ್ಲ ಗೊತ್ತು. ಮಕ್ಕಳು ಮುದುಕಿಯರನ್ನು ಕೇಳಲಿಲ್ಲ, ಅಷ್ಟೇ.

ಮೊದಲ ಸೋಮವಾರ ಕಸ್ತೂರಿಯ ಪಾದದಡಿ ಕಾರ್ಡು ತೂರಿತು. ಎರಡನೇ ಸೋಮವಾರ ನೋಟ್‌ಬುಕ್, ಅದೂ ಇನ್ನೂರು ಪುಟದ್ದು. ಅದೇ ವಾರ ಗುರುಬಸಪ್ಪನವರ ವಿಷಲ್ ಕಾಣೆಯಾಯಿತು. ಹೊಸದು ತಂದರು, ಅದೂ ಹೋಯಿತು. ಪಾಪ, ಚಪ್ಪಾಳೆ ತಟ್ಟಿ ಡ್ರಿಲ್ ಮಾಡಿಸತೊಡಗಿದರು. ಮಕ್ಕಳು ಅದನ್ನು ಮೆಚ್ಚುಗೆ ಎಂದುಕೊಂಡು ಬಾಗಿ ವಂದಿಸಿ ಕೂತುಬಿಡುತ್ತಿದ್ದವು.

ಆಮೇಲೊಂದು ದಿನ ಪುಟ್ಟಲಿಂಗಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಸ್ಟಾಫ್ ರೂಮಿಗೇ ಬಂದಳು. “ಟೀಚರ್, ನಮ್ಮ ಮೆಸ್ಸಿನ ಮೂರು ಕುಕ್ಕರಿನ ವಿಷಲ್ಲೂ ಇಲ್ಲ. ನನ್ನ ಮಗಳೇ ತೆಗ್ದವ್ಳೆ. ಕೇಳಿದ್ರೆ, ಈ ಮನೇಲಿ ಇನ್ಮೇಲೆ ಕುಕ್ಕರ್ ಕೂಗಂಗಿಲ್ಲ ಅಂತಾಳೆ! ಮೂರು ದಿನದಿಂದ ಅನ್ನ ಬೆಂದಿಲ್ಲ. ಕಂಡಕ್ಟರ್ ಒಬ್ರು ತಟ್ಟೆ ನೋಡಿ, ‘ಅಕ್ಕಾ, ಇದು ಊಟಕ್ಕಾ, ವಧೂವರರ ತಲೆ ಮೇಲೆ ಹಾಕೋಕಾ?’ ಅಂತ ಕೇಳಿದ್ರು. ನಾನು ಎಲ್ಲಿ ಮುಖ ಇಟ್ಕೊಳ್ಳಲಿ?”

ಮೂರನೇ ಸೋಮವಾರ ಕಂಪಾಸ್ ಡಬ್ಬಿ ಗಲಗಲ ಸದ್ದು ಮಾಡುತ್ತ ಕಸ್ತೂರಿಯ ಕಾಲಡಿಯಿಂದ ಆಚೆ ಬಂತು. ಹೆಡ್‌ಮಾಸ್ಟರು ಮೇಲಕ್ಕೆ ಬರೆದರು. ಮೇಲಿನಿಂದ ಎರಡು ಆಜ್ಞೆ ಬಂತು. ಒಂದು, ಸಮವಸ್ತ್ರದ ಅಂಚಿಗೆ ಮರಳು ತುಂಬಿದ ಚೀಲ ಹೊಲಿಯತಕ್ಕದ್ದು. ಇನ್ನೊಂದು, ತಜ್ಞರೊಬ್ಬರಿಂದ ಉಪನ್ಯಾಸ ಏರ್ಪಡಿಸತಕ್ಕದ್ದು.

ಮರಳು ಹೊಲಿಯುವುದು ನನ್ನ ಪಾಲಿಗೆ ಬಂತು. ಮೂರು ದಿನ ಕೂತು ನಲವತ್ತೇಳು ಲಂಗ, ಮೂವತ್ತೊಂದು ಚಡ್ಡಿಗೆ ಹೊಲಿದೆ. ನಾಲ್ಕನೇ ದಿನ ಡ್ರಿಲ್ಲಿನಲ್ಲಿ ‘ಕೈ ಮೇಲೆ’ ಎಂದ ಕೂಡಲೇ ಎಂಟನೇ ಕ್ಲಾಸಿನ ಅಷ್ಟೂ ಗಂಡುಮಕ್ಕಳ ಚಡ್ಡಿ ಒಟ್ಟಿಗೆ ಕೆಳಗೆ ಬಂತು. ಅಂಥ ಶಿಸ್ತನ್ನು ಆ ಕ್ಲಾಸಿನಲ್ಲಿ ನಾನು ಮೊದಲು ನೋಡಿರಲಿಲ್ಲ.

ಉಪನ್ಯಾಸಕ್ಕೆ ಬಂದ ತಜ್ಞರು ‘ಅತಿರೇಕದಿಂದ ಮಕ್ಕಳ ರಕ್ಷಣೆ’ ಎಂಬ ಬ್ಯಾನರಿನ ಕೆಳಗೆ ನಿಂತು ಚೆನ್ನಾಗಿಯೇ ಶುರು ಮಾಡಿದರು. ಹತ್ತು ನಿಮಿಷವಾಗುವಷ್ಟರಲ್ಲಿ, “ಇದಕ್ಕೆ ಮದ್ದು ಒಂದೇ! ನಾನು ಬರೆದ ಹದಿನೆಂಟು ಅಂಶಗಳು! ಬೇರೆ ಯಾರು ಏನು ಹೇಳಿದರೂ ಅದು ಮೂರ್ಖತನ!” ಎನ್ನುತ್ತ ಮೇಜು ಬಿಟ್ಟು ಮೇಲೆದ್ದರು. ಏಳನೇ ಅಂಶಕ್ಕೆ ಬ್ಯಾನರ್ ದಾಟಿದರು. ಒಂಬತ್ತಕ್ಕೆ ಮೈಕಿನ ವೈರು ಮುಗಿಯಿತು. ಮಿಕ್ಕ ಒಂಬತ್ತನ್ನು ಫ್ಯಾನಿನ ಪಂಜರ ಹಿಡಿದುಕೊಂಡೇ ಹೇಳಿದರು. ಹೆಡ್‌ಮಾಸ್ಟರು ಕೇಸರಿಬಾತಿನ ತಟ್ಟೆ ತರಿಸಿ, ಅದನ್ನು ಕೆಳಗಿನಿಂದ ತೋರಿಸಿ ತೋರಿಸಿ ಇಳಿಸಿಕೊಂಡರು. ಕಸ್ತೂರಿ ಕಿಟಕಿಯ ಪಕ್ಕ ಕೂತು, ಎಲ್ಲರೂ ನಗುತ್ತಿರುವಾಗ ತಾನೊಬ್ಬಳೇ ನಗದೆ ಅವರನ್ನು ನೋಡುತ್ತಿದ್ದಳು.

ಅವತ್ತು ಸಂಜೆ ನಾನು ಅವಳನ್ನು ನಿಲ್ಲಿಸಿಕೊಂಡೆ. ಬುದ್ಧಿ ಹೇಳೋಣ ಎಂದು. ಸಿಳ್ಳೆಯಿಂದ ಹಾಲು ಒಡೆಯುವುದಿಲ್ಲ ಎಂದೆ. ನಿಮಗೇನು ಗೊತ್ತು ಎಂದಳು. ಇಪ್ಪತ್ತೆರಡು ವರ್ಷದಿಂದ ಪಾಠ ಮಾಡುತ್ತಿದ್ದೇನೆ ಎಂದೆ. ಕಾಜಾ ಹೊಲಿಯೋದು ಎಂದಳು. ನನಗೆ ಎಲ್ಲಿತ್ತೋ ಸಿಟ್ಟು. ನಾನೊಂದು, ಅವಳೊಂದು. ಮಾತು ಮುಗಿಯುವ ಹೊತ್ತಿಗೆ ನಮ್ಮಿಬ್ಬರ ತಲೆಯೂ ತೊಲೆಗೆ ಬಡಿಯುತ್ತಿತ್ತು. ಅಟೆಂಡರ್ ಬಂದು ಸೆರಗು ಹಿಡಿದೆಳೆದು ನನ್ನನ್ನು ಇಳಿಸಿದ. ಅವಳು ಕಿಟಕಿಯಿಂದ ಹಾಗೇ ಹೊರಟು, ಕಾಂಪೌಂಡು ದಾಟಿದ ಮೇಲೆ ಇಳಿದು ಮನೆಗೆ ಹೋದಳು. ಮನೆಗೆ ಬಂದು ಯೋಚಿಸಿದೆ. ಇಷ್ಟೆಲ್ಲ ಮಾತಾಡಿದ ನಾನು ಅವಳಿಗೆ ಹೇಳಬೇಕಾಗಿದ್ದ ಒಂದು ಮಾತನ್ನು ಮಾತ್ರ ಹೇಳಿರಲಿಲ್ಲ. ಸೋಮವಾರ ಹೇಳಿಬಿಡುತ್ತೇನೆ ಎಂದುಕೊಂಡೆ.

ಸೋಮವಾರಕ್ಕೆ ಮೊದಲು ಭಾನುವಾರ ಬಂತು.

ಬೆಳಗ್ಗೆ ಒಂಬತ್ತರ ಹೊತ್ತಿಗೆ ‘ಟೀಚರ್, ಕೆರೆ ಹತ್ರ ಬನ್ನಿ’ ಎಂದು ಯಾರೋ ಕೂಗಿಕೊಂಡು ಹೋದರು. ನಿಶ್ಶಬ್ದ ಸೇನೆಯ ಆರೂ ಜನ ಅಂಗಡಿಯಿಂದ ತಂದ ಅಗಲದ ಟೇಪು ಹಿಡಿದು ಮರಿಯಪ್ಪನ ಬಾಯಿಗೆ ಅಂಟಿಸಲು ಹೋಗಿದ್ದರಂತೆ. ಅವನು ಇವರನ್ನು ಗಮನಿಸದೆ ಎರಡು ಬೆರಳು ನಾಲಗೆಯಡಿ ಇಟ್ಟು ಉದ್ದಕ್ಕೊಂದು ಸಿಳ್ಳೆ ಹಾಕಿದ. ಟೇಪಿನ ತುದಿ ಅವನ ಗಡ್ಡಕ್ಕೆ ಅಂಟುವಷ್ಟರಲ್ಲಿ ಇನ್ನೂರು ಬಾತುಕೋಳಿ ಮಕ್ಕಳ ಮೊಣಕಾಲಿಗೆ ಬಡಿಯುತ್ತ ನುಗ್ಗಿದವು. ಐದು ಮಕ್ಕಳು ಸೊಂಟದೆತ್ತರ ಎದ್ದವು, ಅಷ್ಟರಲ್ಲಿ ಅವುಗಳ ಅಮ್ಮಂದಿರು ಓಡಿಬಂದು ಕಿವಿ ಹಿಡಿದು ಇಳಿಸಿಕೊಂಡರು. ಕಸ್ತೂರಿಯ ಅಮ್ಮ ಮೆಸ್ಸಿನಲ್ಲಿದ್ದಳು. ಹಿಡಿಯುವವರಿಲ್ಲದೆ ಕಸ್ತೂರಿ ಮೇಲಕ್ಕೆ ಹೋದಳು.

ನಾನು ಹೋಗಿ ನೋಡುವಾಗ ಅವಳು ಏರಿಯ ಮೇಲಿನ ತೆಂಗಿನ ಮರದ ಸಮಕ್ಕಿದ್ದಳು. ನಾನು ಅಷ್ಟು ಅಚ್ಚುಕಟ್ಟಾಗಿ ಮರಳು ಹೊಲಿದಿದ್ದ ಲಂಗ ಮನೆಯಲ್ಲಿತ್ತು. ಅವಳು ಚೂಡಿದಾರದಲ್ಲಿದ್ದಳು. ಗಾಳಿ ಬೆಟ್ಟದ ಕಡೆಗೆ ಬೀಸುತ್ತಿತ್ತು.

ಪುಟ್ಟಲಿಂಗಮ್ಮ ಸೌಟು ಹಿಡಿದುಕೊಂಡೇ ಓಡಿಬಂದಿದ್ದಳು. “ಇಳಿದು ಬಾರೇ ಮುಂಡೇದೆ! ನಿನ್ನ ಸೊಕ್ಕು ಮುರೀತೀನಿ!” ಎಂದಳು. ಕಸ್ತೂರಿ ಒಂದು ಮೊಳ ಮೇಲೆ ಹೋದಳು. ಹೆಡ್‌ಮಾಸ್ಟರು ಕೈಯನ್ನು ಬಾಯಿಯ ಸುತ್ತ ಹಿಡಿದು, “ನಿಯಮ ಹನ್ನೊಂದರ ಪ್ರಕಾರ ಇದು ಶಿಕ್ಷಾರ್ಹ!” ಎಂದರು. ಎರಡು ಮೊಳ. ಗುಂಪಿನಲ್ಲಿ ಯಾರೋ ನಕ್ಕರು. ಒಂದು ಮಾರು.

“ದಮ್ಮಯ್ಯ, ಯಾರೂ ಬಾಯಿ ಬಿಡಬೇಡಿ!” ಎಂದು ನಾನು ಕಿರುಚಿದೆ.

ಮರಿಯಪ್ಪ ಕಲ್ಲಿನ ಮೇಲೆ ಕುಕ್ಕರಗಾಲಿನಲ್ಲಿ ಕೂತಿದ್ದ. “ಅವ್ವ, ನಾನು ಇನ್ಮೇಲೆ ಸಿಳ್ಳೆ ಹಾಕಲ್ಲ ಅಂದ್ರೆ ಆ ಮಗು ಇಳೀತದಾ? ಕೇಳಿ. ಬಾತುಕೋಳೀನ ಬಾಯಲ್ಲೇ ಕರೀತೀನಿ. ಬರ್ತವೋ ಇಲ್ವೋ ಗೊತ್ತಿಲ್ಲ” ಎಂದ. ಅವನ ಗಡ್ಡದಲ್ಲಿ ಟೇಪಿನ ತುಂಡು ಅಂಟಿಕೊಂಡೇ ಇತ್ತು.

ಆಗಲೇ ಮೇಲಿನಿಂದ ಕಸ್ತೂರಿಯ ದನಿ ಬಂತು. ಅವಳು ಗುಂಪಿನಲ್ಲಿ ಚೆಲುವರಾಜನನ್ನು ಕಂಡಿದ್ದಳು. “ಅಣ್ಣಾ! ನೀವೂ ಬನ್ನಿ ಮೇಲಕ್ಕೆ! ಒಬ್ಬಳಿಗೇ ಭಯ ಆಗ್ತಿದೆ!”

ಎಲ್ಲರೂ ತಿರುಗಿ ನೋಡಿದರು. ಚೆಲುವರಾಜ ಒಗೆದು ಇಸ್ತ್ರಿ ಮಾಡಿದ ಪಂಚೆಯುಟ್ಟು ನೀರಿನಂಚಿಗೆ ನಿಂತಿದ್ದ. “ನನಗೆ ಮಂಡಿ ನೋವು ಮಗಳೇ” ಎಂದ.

“ಮೇಲೆ ಬರೋಕೆ ಮಂಡಿ ಯಾಕಣ್ಣ?”

ಅವನು ಪಂಚೆ ಮೇಲೆತ್ತಿ ಹಿಡಿದುಕೊಂಡ. ನಾನು ಅವನ ಕಾಲು ನೋಡಿದೆ. ಅಲ್ಲಿದ್ದವರಲ್ಲಿ ಮುಕ್ಕಾಲು ಪಾಲು ಜನ ಒಂದಲ್ಲ ಒಂದು ಸಿಟ್ಟಿಗೆ ಬೆರಳೆತ್ತರವಾದರೂ ಎದ್ದಿದ್ದರು. ಇವನೊಬ್ಬನ ಪಾದ ಕೆಸರಿನಲ್ಲಿ ಹಿಮ್ಮಡಿಯವರೆಗೆ ಇಳಿದಿತ್ತು. ನನ್ನ ಕೈಚೀಲದಲ್ಲಿ ಸೋಮವಾರದ ಪೋಸ್ಟ್‌ಕಾರ್ಡಿತ್ತು. ಹೋಗಿ ಅವನ ಮುಂದೆ ಕೆಸರಿನಲ್ಲೇ ಮಂಡಿಯೂರಿ ಅವನ ಪಾದದಡಿ ತೂರಿಸಿದೆ. “ಏನ್ ಮಾಡ್ತಿದ್ದೀರಿ ಮೇಡಂ, ಬಿಡಿ ಬಿಡಿ” ಎಂದು ಅವನು ಕಾಲು ಕೀಳಲು ನೋಡಿದ, ಕೆಸರು ಬಿಡಲಿಲ್ಲ. ಕಾರ್ಡು ಒಂದು ಕೂದಲಿನಷ್ಟೂ ಒಳಗೆ ಹೋಗದೆ ಮುದುಡಿತು. ಅದನ್ನು ಮೇಲೆತ್ತಿ ಹಿಡಿದೆ.

ಮೇಲಿನಿಂದ ಮತ್ತೆ ಕಸ್ತೂರಿಯ ದನಿ ಬಂತು.

“ಅಣ್ಣ, ನಿಮಗೆ ಅದು ನಿಜ ಅಂತ ಅನ್ನಿಸ್ಲೇ ಇಲ್ವಾ? ಒಂದು ಕಾರ್ಡಿನಷ್ಟೂ?”

“ನೀವು ಬಂದು ಕೂರ್ತಿದ್ರಿ. ನಾನು ಏನೋ ಹೇಳ್ತಿದ್ದೆ” ಎಂದ ಚೆಲುವರಾಜ, ನೀರು ನೋಡುತ್ತ.

“ಯುಗಾದೀಲಿ ನನ್ನ ಗೂಡಿನ ಜಾಗ ಕೇಳಿದ್ಯಲ್ಲಪ್ಪ, ಎರಡನೇ ಅಂಗಡಿ ಹಾಕ್ತೀನಿ ಅಂತ. ಕೊಡಲ್ಲ ಅಂದಿದ್ನಲ್ಲ” ಎಂದ ಮರಿಯಪ್ಪ. ಸಿಟ್ಟಿನಿಂದಲ್ಲ, ಮರೆತುಹೋದದ್ದು ನೆನಪಾದವರ ದನಿಯಲ್ಲಿ.

ಕಸ್ತೂರಿಯ ಮುಖ ಅಷ್ಟು ದೂರದಿಂದ ನನಗೆ ಕಾಣಲಿಲ್ಲ. ಅವಳು ಬೀಳತೊಡಗಿದ್ದು ಕಂಡಿತು. ಇಳಿಯುವುದಲ್ಲ, ಬೀಳುವುದು, ಗೊನೆಯಿಂದ ಕಳಚಿದ ಕಾಯಿಯ ಹಾಗೆ. ಕೆಳಗೆ ಏರಿಯ ಕಲ್ಲುಗಳು. ಪುಟ್ಟಲಿಂಗಮ್ಮನ ಕೈಯಿಂದ ಸೌಟು ಜಾರಿತು. ಕಸ್ತೂರಿಯನ್ನು ತಡೆದು ನಿಲ್ಲಿಸಲು, ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಳ್ಳಬಲ್ಲಂಥ ಒಂದು ನಿಜ ಬೇಕಿತ್ತು, ಆ ಕ್ಷಣಕ್ಕೆ. ಅದು ಎರಡು ತಿಂಗಳಿಂದ ನನ್ನ ಬಾಯಲ್ಲೇ ಇತ್ತು.

“ಕಸ್ತೂರೀ! ನೀನು ಔಟ್ ಆಗಿರ್ಲಿಲ್ಲ! ನನಗೆ ಗೊತ್ತಿತ್ತು!” ಎಂದು ಕೂಗಿದೆ. ಪಕ್ಕದಲ್ಲಿದ್ದ ಗುರುಬಸಪ್ಪನವರ ತೋಳು ಹಿಡಿದು ಅಲ್ಲಾಡಿಸಿದೆ. “ಹೇಳ್ರೀ ಮೇಷ್ಟ್ರೇ!”

“ಸೀನು!” ಎಂದು ಕಿರುಚಿದರು ಗುರುಬಸಪ್ಪನವರು. “ಸೀನು ಬಂತಮ್ಮ! ವಿಷಲ್ ಬಾಯಲ್ಲಿತ್ತು, ಸೀನಿಬಿಟ್ಟೆ! ನಿನ್ನನ್ನ ಯಾರೂ ಮುಟ್ಟಿರ್ಲಿಲ್ಲ! ತಪ್ಪು ನಂದು! ನಂದೇ ತಪ್ಪು!”

ಏರಿಯ ಕಲ್ಲುಗಳಿಗೆ ಒಂದಾಳೆತ್ತರದಲ್ಲಿ ಕಸ್ತೂರಿ ಗಕ್ಕನೆ ನಿಂತಳು.

“ಸೀನಾ?” ಎಂದಳು.

“ಹೌದಮ್ಮ.”

“ಬರೀ ಸೀನಾ?”

“ದೊಡ್ಡ ಸೀನು” ಎಂದರು ಅವರು, ತಲೆ ತಗ್ಗಿಸಿಕೊಂಡು.

ಅವಳು ಅಲ್ಲೇ ಗಾಳಿಯಲ್ಲಿ ಕೂತವಳಂತೆ ಮಂಡಿ ಮಡಿಸಿಕೊಂಡು ಅಳತೊಡಗಿದಳು. ನಡುವೆ ಒಮ್ಮೆ ನಗುವೂ ಬಂತು, ಮತ್ತೆ ಅತ್ತಳು. ಯಾರೂ ಅವಸರ ಮಾಡಲಿಲ್ಲ. ಅಳು ಹಗುರಾದಂತೆಲ್ಲ ಅವಳು ತುಸು ತುಸುವೇ ಇಳಿದು, ಗಾಳಿಗೆ ಕೆರೆಯ ಕಡೆ ಸರಿದು, ಬಾತುಕೋಳಿಗಳ ನಡುವೆ ಮೊಣಕಾಲುದ್ದದ ನೀರಿನಲ್ಲಿ ಕಾಲೂರಿದಳು. ಪುಟ್ಟಲಿಂಗಮ್ಮ ಸೀರೆ ಸಮೇತ ನೀರಿಗಿಳಿದು ಮಗಳ ಕೆನ್ನೆಗೊಂದು ಬಿಗಿಯಲು ಕೈಯೆತ್ತಿದವಳು, ಅದೇ ಕೈಯನ್ನು ಅವಳ ನೆತ್ತಿಯ ಮೇಲಿಟ್ಟು ಒತ್ತಿ ಹಿಡಿದುಕೊಂಡಳು. ಬಹಳ ಹೊತ್ತು ಬಿಡಲಿಲ್ಲ.

ಚೆಲುವರಾಜನನ್ನು ಠಾಣೆಗೆ ಕರೆಸಿ ಮೂರು ದಿನ ಕೇಳಿದರು. ವಾರದೊಳಗೆ ಅವನು ಅಂಗಡಿ ಖಾಲಿ ಮಾಡಿ ಬೇರೆ ಊರಿನ ಬಸ್ಸು ಹತ್ತಿದ. ಯಾವ ಊರೆಂದು ತಿಳಿದುಕೊಂಡು ಅಲ್ಲಿಯ ಶಾಲೆಗೆ ನಾನೇ ಒಂದು ಕಾಗದ ಬರೆದೆ. ನಮ್ಮ ಹೆಡ್‌ಮಾಸ್ಟರು ಮಾತ್ರ ವರದಿಯಲ್ಲಿ ‘ಗಾಳಿಯ ಒತ್ತಡದಿಂದ ವಿದ್ಯಾರ್ಥಿನಿಗೆ ತೊಂದರೆ’ ಎಂದು ಬರೆದು ಕೈ ತೊಳೆದುಕೊಂಡರು. ಮರಳನ್ನೆಲ್ಲ ನಾನು ಬಿಚ್ಚಿ ಉದ್ದ ಜಿಗಿತದ ಗುಂಡಿಗೆ ಸುರಿಸಿದೆ. ಗುರುಬಸಪ್ಪನವರು ಪ್ರಾರ್ಥನೆಯ ಹೊತ್ತಿಗೆ ಎಲ್ಲರೆದುರು ನಿಂತು ಸೀನಿನ ಕಥೆ ಹೇಳಿದರು. ಮಕ್ಕಳು ಎರಡು ದಿನ ನಕ್ಕು ಮೂರನೇ ದಿನ ಮರೆತವು. ನಾನು ಕಸ್ತೂರಿಯ ಹತ್ತಿರ ಕ್ಷಮೆ ಕೇಳಿದೆ. “ಪರವಾಗಿಲ್ಲ ಮಿಸ್” ಎನ್ನಲಿಲ್ಲ ಅವಳು. “ಅವತ್ತೇ ಹೇಳ್ಬೇಕಿತ್ತು ಮಿಸ್” ಎಂದಳು. ಹೌದು ಎಂದೆ.

ಅದಾದ ಶನಿವಾರ ಮಧ್ಯಾಹ್ನ ಅವಳು ಬಂದು, ಮರಿಯಪ್ಪನ ಹತ್ತಿರ ಹೋಗಬೇಕು, ಏರಿಯವರೆಗೆ ಜೊತೆಗೆ ಬನ್ನಿ ಎಂದಳು. ಹೋದೆವು. ನಾನು ಮರದ ಕೆಳಗೆ ನಿಂತೆ, ಅವಳು ಗೂಡಿನ ಹತ್ತಿರ ಹೋದಳು. ಮರಿಯಪ್ಪ ಕಾಲು ಉಳುಕಿದ ಬಾತುಕೋಳಿಯೊಂದನ್ನು ತೊಡೆಯ ಮೇಲಿಟ್ಟುಕೊಂಡು ಬಟ್ಟೆ ಸುತ್ತಲು ಪರದಾಡುತ್ತಿದ್ದ. ಕಸ್ತೂರಿ ಅವನ ಮುಂದೆ ಹೋಗಿ ನಿಂತಳು.

“ಬಂದ್ಯಾ? ಇದನ್ನ ಹಿಡ್ಕೋ. ರೆಕ್ಕೆ ಅದುಮಿ ಹಿಡಿ, ಇಲ್ದಿದ್ರೆ ಕಣ್ಣಿಗೆ ಹೊಡೀತದೆ” ಎಂದ.

ಅವಳು ಹಿಡಿದಳು. ಸ್ವಲ್ಪ ಹೊತ್ತಾದ ಮೇಲೆ ಕೇಳಿದಳು: “ತಾತ, ನೀವು ನನಗೆ ಬೈಯಲ್ವಾ?”

“ಬೈಯದೆ ಬಿಡ್ತೀನಾ? ತುಂಬಾ ಬೈಬೇಕು ಅಂತದೆ. ಕೈ ಖಾಲಿ ಆಗ್ಲಿ, ತಾಳು.”

ಅವನ ಕೈ ಖಾಲಿಯಾಗುವಾಗ ನಾಲ್ಕು ಗಂಟೆ ದಾಟಿತ್ತು. ಆಮೇಲೆ ಕೂರಿಸಿಕೊಂಡು ಚೆನ್ನಾಗಿಯೇ ಬೈದ. ಟೇಪು ಕೀಳುವಾಗ ಗಡ್ಡ ಎಷ್ಟು ಉರಿಯಿತೆಂದು ಹೇಳಿದ, ಅವತ್ತು ಓಡಿಹೋದ ಏಳು ಬಾತುಕೋಳಿ ಇನ್ನೂ ಬಂದಿಲ್ಲವೆಂದು ಹೇಳಿದ, ತನ್ನ ತಾತ ಹುಟ್ಟಿದ ಮನೆಯನ್ನು ಬೆರಳು ಮಾಡಿ ತೋರಿಸಿದ. ಕಸ್ತೂರಿ ಒಮ್ಮೆಯೂ ಅಡ್ಡ ಮಾತಾಡದೆ, ಬಾತುಕೋಳಿಯನ್ನು ತೊಡೆಯ ಮೇಲಿಂದ ಇಳಿಸದೆ, ಪೂರ್ತಿ ಕೇಳಿಸಿಕೊಂಡಳು.